ಕೆಂಚಪ್ಪ ಹಾಕಿದ ಕೊನೆಯ ಅಟ್ಟೆ

ಅಟ್ಟೆ ಹಾಕುವುದು ಬೇರೆ, ಹೊಲಿಯುವುದು ಬೇರೆ. ಮದುವೆಯಾಗಿ ಬಂದ ಹೊಸತರಲ್ಲಿ ಅಂಜಿನಮ್ಮನಿಗೆ ಇದು ತಿಳಿದಿರಲಿಲ್ಲ. ಗಂಡ ಕೆಂಚಪ್ಪ ನಗುತ್ತಿದ್ದ. "ಹರಿದಿದ್ದಕ್ಕೆ ಹೊಲಿಗೆ, ಸವೆದಿದ್ದಕ್ಕೆ ಅಟ್ಟೆ ಕಣೇ. ಅಟ್ಟೆ ಅಂದ್ರೆ ಮೆಟ್ಟಿಗೆ ಹೊಸ ಅಡಿ."

ಸಂಪಿಗೆ ರಸ್ತೆಯ ತಿರುವಿನಲ್ಲಿ ಅವನು ಮೆಟ್ಟು ರಿಪೇರಿಗೆ ಕೂರುವ ಜಾಗ. ಹಿಮ್ಮಡಿಗೆ ಮೂರು ಮೊಳೆ ಹೊಡೆಯುತ್ತಿದ್ದ. ನಡುವಿನದು ಬೇಕೆಂದೇ ತುಸು ಮೇಲೆ. ಅದು ಅವರಪ್ಪನ ಕಾಲದ ಗುರುತು.

ತೊಂಬತ್ತೇಳರಲ್ಲಿ ಒಂದು ದಿನ ಬುಲೆಟ್ ಮುನಿಯ ಬಂದು ಅವನ ಮುಂದೆ ಬೂಟು ಎಸೆದ. ಆ ಬೀದಿಯೇ ಹೆದರುವ ರೌಡಿ.

"ಅಟ್ಟೆ ಹಾಕು. ಹಿಮ್ಮಡಿಗೆ ಲಾಳ ಹೊಡಿ. ನಾನು ಬಂದ್ರೆ ಟಕ್ ಟಕ್ ಅನ್ಬೇಕು."

"ಲಾಳ ಎತ್ತಿಗಲ್ವೇನಣ್ಣ?" ಅಂದ ಕೆಂಚಪ್ಪ.

ಸುತ್ತ ನಿಂತವರು ನಕ್ಕುಬಿಟ್ಟರು. ಮುನಿಯ ನಗಲಿಲ್ಲ. ಕೆಂಚಪ್ಪ ಅಟ್ಟೆ ಹಾಕಿ ಲಾಳ ಹೊಡೆದುಕೊಟ್ಟ ಬೂಟು ಮೆಟ್ಟಿಕೊಂಡು ಹೋದ.

ಮಾರನೆಯ ಬೆಳಿಗ್ಗೆ ಅಂಗಡಿಗಳು ತೆರೆಯುವ ಮುಂಚೆ ಕೆಂಚಪ್ಪ ಚರಂಡಿ ಪಕ್ಕ ಬಿದ್ದಿದ್ದ. ಬಾಯಲ್ಲಿ ರಕ್ತ, ಮುರಿದ ಹಲ್ಲು. ಲಾರಿ ಗುದ್ದಿದೆ ಎಂದರು ಪೊಲೀಸರು.

ಹೆಣಕ್ಕೆ ನೀರು ಹುಯ್ಯುವಾಗ ಅಂಜಿನಮ್ಮನ ಕೈ ನಿಂತಿತು. ಎದೆಯ ಮೇಲೆ ಲಾಳದ ಗುರುತು. ಒಂದಲ್ಲ, ನಾಲ್ಕಾರು. ಒಂದೊಂದರಲ್ಲೂ ಮೂರು ಮೊಳೆ, ನಡುವಿನದು ತುಸು ಮೇಲೆ. ಗಂಡನ ಕೈಕೆಲಸ ಗಂಡನ ಎದೆಯ ಮೇಲೇ ಅಚ್ಚೊತ್ತಿತ್ತು.

ಠಾಣೆಗೆ ಓಡಿದಳು. "ನನ್ನ ಗಂಡ ಲಾಳ ಹೊಡೆದಿದ್ದು ಆ ಮುನಿಯನ ಬೂಟಿಗೊಂದೇ, ಸಾರ್."

"ಲಾಳ ಬಂದು ಸಾಕ್ಷಿ ಹೇಳುತ್ತೇನಮ್ಮಾ? ಹೋಗು, ಮಣ್ಣು ಮಾಡು."

ಮಣ್ಣು ಮಾಡಿದಳು. ಆಮೇಲೆ ಅವನು ತೊಗಲು ಬಡಿಯುತ್ತಿದ್ದ ಅಡಿಗಲ್ಲಿನ ಮುಂದೆ ತಾನೇ ಕೂತಳು. ರಂಪಿಗೆ ಮಸೆದಳು. ತೊಗಲು ಕೊಯ್ಯುವ ಆ ಕತ್ತಿಯನ್ನು ದಿನಾ ಮಸೆದಳು. ಅಟ್ಟೆ ಸವೆಯಲೇಬೇಕು, ಸವೆದರೆ ಅವನು ಬರಲೇಬೇಕು. ಕಾದಳು.

ಮುನಿಯ ಬಂದ. ಒಂದು ಬೂಟು ಕಳಚಿ ಎಸೆದ.

"ಅಟ್ಟೆ ಹಾಕು. ನಿನ್ ಗಂಡನ ಥರ ಜಾಸ್ತಿ ಮಾತಾಡ್ಬೇಡ."

ಅವಳು ಬೂಟು ಎತ್ತಿಕೊಂಡಳು. ಬೂಟನ್ನು ಬೋರಲು ಹಾಕಿದಳು. ಸವೆದ ಲಾಳದಲ್ಲಿ ಆ ಮೂರು ಮೊಳೆ ಹಾಗೇ ಇದ್ದವು. ಸೆರಗಿನಲ್ಲಿ ಒರೆಸಿದಳು.

"ಕಾಲು ಕಲ್ಲಿನ ಮೇಲಿಡಣ್ಣ. ಅಳತೆ ನೋಡ್ಬೇಕು."

ಬರಿಗಾಲು ಇಟ್ಟ. ಹಿಮ್ಮಡಿಯ ಮೇಲಿನ ನರಕ್ಕೆ ರಂಪಿಗೆ ಹಾಕಿ ಎಳೆದಳು. ದಪ್ಪ ತೊಗಲು ಕೊಯ್ದ ಹಾಗೇ ಸದ್ದು. ಮುನಿಯ ಕಡಿದ ಬಾಳೆಯಂತೆ ಬಿದ್ದು ಅರಚಿದ. ಅಡಿಗಲ್ಲು ಕೆಂಪಾಯಿತು.

"ಅಟ್ಟೆ ಆಗಲ್ಲ ಕಣೋ ಇದಕ್ಕೆ," ಅಂದಳು. "ಹರಿದೋಗಿದೆ. ಹೊಲಿಸ್ಕೋ ಹೋಗು."

ಅವಳು ಓಡಲಿಲ್ಲ. ಪೊಲೀಸರು ಬರುವವರೆಗೂ ಬೂಟು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

ಜೈಲು ಮುಗಿಸಿ ಬಂದು ಅದೇ ತಿರುವಿನಲ್ಲಿ ಕೂತಳು. ಮುನಿಯ ಕುಂಟುತ್ತಾ ಎದುರಿನ ಫುಟ್‌ಪಾತ್‌ನಲ್ಲಿ ಹೋಗುತ್ತಿದ್ದ, ಹವಾಯಿ ಚಪ್ಪಲಿಯಲ್ಲಿ. ಸದ್ದೇ ಇರಲಿಲ್ಲ. ಅವಳು ಎಲ್ಲರ ಮೆಟ್ಟಿಗೂ ಅಟ್ಟೆ ಹಾಕಿದಳು, ಮೂರು ಮೊಳೆ, ನಡುವಿನದು ಮೇಲೆ. ಯಾರಾದರೂ ಲಾಳ ಕೇಳಿದರೆ ಮಾತ್ರ ತಲೆ ಎತ್ತುತ್ತಿರಲಿಲ್ಲ.

"ಅದು ಎತ್ತಿಗೆ," ಅನ್ನುತ್ತಿದ್ದಳು.