ಶನಿವಾರ ಮೂರು ಗಂಟೆಯ ಫೋಟೋ

ನನಗೆ ಸಿಟ್ಟು ಬೇಗ ಬರುತ್ತದೆ, ಬಂದದ್ದು ಬೇಗ ಹೋಗುವುದಿಲ್ಲ. ತಾಯಿಯ ಕಡೆಯಿಂದ ನನಗೆ ಬಂದಿರುವ ಆಸ್ತಿ ಇದೊಂದೇ. ನನ್ನ ಮೇಲಧಿಕಾರಿಯಾಗಿದ್ದ ಆ ಮನುಷ್ಯನ ಮೇಲಿನ ಸಿಟ್ಟು ಇವತ್ತಿಗೂ ಹಾಗೇ ಇದೆ. ಅದನ್ನು ಮುಚ್ಚಿಟ್ಟು ಬರೆಯುವ ಉದ್ದೇಶವೂ ನನಗಿಲ್ಲ.

ಶೇಷಾದ್ರಿಪುರದ ಹಳೆಯ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ ನಮ್ಮ ಕಂಪನಿ. ಸಂಸ್ಥೆಗಳಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ನಾನು ಪ್ರಾಡಕ್ಟ್ ಮ್ಯಾನೇಜರ್. ಕೋಡ್ ಬರೆಯುವವಳಲ್ಲ, ಮಾರುವವಳೂ ಅಲ್ಲ. ಬಳಸುವವರಿಗೆ ನಿಜವಾಗಿ ಏನು ಬೇಕು ಎಂದು ಅವರ ಜೊತೆ ಕೂತು ತಿಳಿದುಕೊಂಡು ಬಂದು, ಯಾವುದು ಮೊದಲು, ಯಾವುದು ಆಮೇಲೆ ಎಂದು ಆಫೀಸಿನಲ್ಲಿ ಜಗಳವಾಡುವವಳು. ನನ್ನ ಮೇಲೆ ಒಬ್ಬ ಹೆಡ್ ಇದ್ದ. ಮಲ್ಲೇಶ್ವರದಲ್ಲೇ ಹುಟ್ಟಿ ಬೆಳೆದವನು, ಆದರೆ ಗಿರಾಕಿಯ ಮೆಟ್ಟಿಲು ಹತ್ತಿದ್ದನ್ನು ನಾನು ಕಂಡಿರಲಿಲ್ಲ.

ಆಗ ನಮಗೆ ಸಿಕ್ಕ ಗಿರಾಕಿ ಮೂರು ಮದುವೆ ಛತ್ರಗಳ ಮಾಲೀಕರು. ಬಸವನಗುಡಿಯಲ್ಲೊಂದು, ಚಾಮರಾಜಪೇಟೆಯಲ್ಲೊಂದು, ಮಲ್ಲೇಶ್ವರದಲ್ಲೊಂದು. ಎಲ್ಲಿ ಕೂತರೂ ಮೂರರಲ್ಲಿ ಯಾವುದನ್ನಾದರೂ ಬುಕ್ ಮಾಡುವಂತಾಗಬೇಕು ಎಂಬುದು ಅವರ ಬೇಡಿಕೆ. ಎರಡು ತಿಂಗಳು ನಾನು ಬಸವನಗುಡಿಯ ಛತ್ರದ ಆಫೀಸಿನಲ್ಲಿ ಕೂತೆ. ಅಲ್ಲಿನ ಗುಮಾಸ್ತರು ತಲೆ ಕಪ್ಪಗಿದ್ದಾಗ ಸೇರಿ, ಬೆಳ್ಳಗಾಗುವವರೆಗೆ ಅದೇ ಮೇಜಿನ ಹಿಂದೆ ಇದ್ದವರು. ಮೊದಲ ದಿನವೇ ನನ್ನನ್ನು 'ಅಮ್ಮಾ, ನೀನು' ಎಂದರು. ನನಗೂ ಅದು ಹಿತವಾಯಿತು. ಅವರ ಬಳಿ ಕೆಂಪು ರಟ್ಟಿನ ಉದ್ದನೆಯ ಪುಸ್ತಕವಿತ್ತು. ಪ್ರತಿ ಮದುವೆಗೂ ಹಿಂದಿನ ದಿನದ ಪುಟದಿಂದ ಮದುವೆಯ ದಿನದ ಪುಟದವರೆಗೆ ಕೆಂಪು ಪೆನ್ಸಿಲಿನ ಗೆರೆ.

"ಭಾನುವಾರ ಮದುವೆ ಅಂದ್ರೆ ಛತ್ರ ಶನಿವಾರ ಮಧ್ಯಾಹ್ನದಿಂದಲೇ ಅವರ್ದು ಕಣಮ್ಮಾ," ಎಂದು ಅವರು ಗೆರೆ ತೋರಿಸಿದರು. "ಸಂಜೆ ವರಪೂಜೆ ಆಗ್ಬೇಕಲ್ಲ? ಗಂಡಿನ ಕಡೆಯವರು ಬಂದು ಬೀದೀಲಿ ನಿಂತ್ಕೋತಾರಾ? ಇದನ್ನ ಯಾರೂ ಬಾಯ್ಬಿಟ್ಟು ಹೇಳಲ್ಲ. ಭಾನುವಾರ ಬೇಕು ಅಂತಾರೆ ಅಷ್ಟೇ."

ಬಳಸುವವರ ಬೇಡಿಕೆಯನ್ನು ಅವರದೇ ಮಾತಿನಲ್ಲಿ ಬರೆದಿಡುವುದಕ್ಕೆ ನಮ್ಮಲ್ಲಿ ಯೂಸರ್ ಸ್ಟೋರಿ ಎನ್ನುತ್ತಾರೆ. ಅವರ ಮಾತನ್ನು ಹಾಗೇ ಬರೆದು, ಮಾಡಬೇಕಾದ ಕೆಲಸಗಳ ಪಟ್ಟಿಯಲ್ಲಿ, ಅಂದರೆ ಬ್ಯಾಕ್‌ಲಾಗ್‌ನಲ್ಲಿ, ಎಲ್ಲಕ್ಕಿಂತ ಮೇಲೆ ಇಟ್ಟೆ. ಮೀಟಿಂಗಿನಲ್ಲಿ ಹೆಡ್ ಅದನ್ನು ಗಟ್ಟಿಯಾಗಿ ಓದಿ ನಕ್ಕ.

"ಒಂದು ಬುಕಿಂಗು, ಒಂದು ತಾರೀಖು, ಮುಗೀತು. ನಿಮ್ಮಜ್ಜಿ ಕಾಲದ ಶಾಸ್ತ್ರಕ್ಕೆಲ್ಲ ಪ್ರಾಡಕ್ಟ್ ಮಾಡಕ್ಕಾಗಲ್ಲ. ಇದು ಎಡ್ಜ್ ಕೇಸ್."

ಎಲ್ಲೋ ಅಪರೂಪಕ್ಕೊಮ್ಮೆ ಆಗುವಂಥದ್ದು, ತಲೆ ಕೆಡಿಸಿಕೊಳ್ಳಬೇಕಿಲ್ಲ ಎನ್ನುವುದಕ್ಕೆ ಎಡ್ಜ್ ಕೇಸ್ ಎನ್ನುತ್ತಾರೆ. ಬಸವನಗುಡಿಯಲ್ಲಿ ವರಪೂಜೆ ಅಪರೂಪವಂತೆ! ಇವನ ಮದುವೆ ಹೋಟೆಲಿನಲ್ಲಿ ಒಂದೇ ಸಂಜೆಗೆ ಮುಗಿದಿತ್ತು, ಅದಕ್ಕೇ ಇರಬೇಕು. ಹನ್ನೆರಡು ಜನ ಅವನ ಜೊತೆ ನಕ್ಕರು. ನನ್ನ ಸ್ಟೋರಿಯ ಕೆಳಗೆ ಅವನೇ ಟೈಪ್ ಮಾಡಿದ: 'ಎಡ್ಜ್ ಕೇಸ್. ಮಾಡುವುದಿಲ್ಲ.' ಪಕ್ಕದಲ್ಲಿ ಅವನ ಹೆಸರು ತಾನಾಗಿಯೇ ಬಂತು. ಮರುವಾರ ನನ್ನ ಎರಡು ತಿಂಗಳ ವರದಿ ಮಾಲೀಕರಿಗೆ ಹೋಯಿತು. ಮೊದಲ ಪುಟದಲ್ಲಿದ್ದದ್ದೂ ಅವನ ಹೆಸರೇ. 

ಸಾಫ್ಟ್‌ವೇರ್ ಶುರುವಾದ ದಿನ ನಾನೇ ಹೋಗಿ ಗುಮಾಸ್ತರಿಂದ ಆ ಕೆಂಪು ಪುಸ್ತಕ ಬಿಡಿಸಿದೆ. ಸಿಂಗಲ್ ಸೋರ್ಸ್ ಆಫ್ ಟ್ರೂತ್ ಎಂಬುದು ನಮ್ಮ ವೃತ್ತಿಯ ದೊಡ್ಡ ಮಂತ್ರ. ಒಂದು ಮಾಹಿತಿ ಒಂದೇ ಕಡೆ ಇರಬೇಕು, ಎರಡು ಕಡೆ ಬರೆದರೆ ಎರಡೂ ಸುಳ್ಳಾಗುತ್ತವೆ ಎಂದು ಅದರ ಅರ್ಥ.

"ಪುಸ್ತಕಾನೂ ಒಂದು ಕಡೆ ಇರ್ಲಿ ಬಿಡಮ್ಮಾ," ಎಂದರು.

"ಬೇಡ ಸರ್. ಪ್ರತಿ ಸೋಮವಾರ ನೋಡ್ತೀನಿ, ತಾರೀಖು ಒಂದಕ್ಕೊಂದು ತಾಕಿದ್ರೆ ನಾನೇ ಫೋನ್ ಮಾಡಿ ಹೇಳ್ತೀನಿ. ನನ್ನ ನಂಬಿ."

ನಂಬಿದರು. ಪ್ರತಿ ಸೋಮವಾರ ನಾನು ಮೂರೂ ಛತ್ರಗಳ ಬುಕಿಂಗ್ ತೆರೆದು, ಮದುವೆಗಳ ಹಿಂದಿನ ಸಂಜೆ ಖಾಲಿ ಇದೆಯೇ ಎಂದು ನೋಡುತ್ತಿದ್ದೆ. ಎರಡು ಸಲ ತಾಕಿತ್ತು, ಎರಡು ಸಲವೂ ಫೋನ್ ಮಾಡಿ ಸರಿಪಡಿಸಿದೆ. ಇದು ಹೆಡ್‌ಗೆ ಗೊತ್ತಿರಲಿಲ್ಲ. ಎಲ್ಲವೂ ಸುಸೂತ್ರ ಎಂದುಕೊಂಡು ಅವನು ವೇದಿಕೆಗಳಲ್ಲಿ ಭಾಷಣ ಮಾಡತೊಡಗಿದ. ಒಂದು ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತು ಕೇಳಿದೆ. "ನಾನು ಎರಡು ತಿಂಗಳು ಛತ್ರದಲ್ಲೇ ಕೂತಿದ್ದೆ" ಎಂದು ಹೇಳಿ ಚಪ್ಪಾಳೆ ಗಿಟ್ಟಿಸಿದ. 

ಮುಂದಿನ ಸೋಮವಾರ ಬಸವನಗುಡಿಯ ಛತ್ರಕ್ಕೆ ಎರಡು ಬುಕಿಂಗ್ ಕಂಡವು. ಭಾನುವಾರ ಮದುವೆ, ಗುಮಾಸ್ತರು ತಾವೇ ಹಾಕಿದ್ದು. ಅದರ ಹಿಂದಿನ ಶನಿವಾರ ಸಂಜೆ ಬೇರೆ ಯಾರದ್ದೋ ಆರತಕ್ಷತೆ, ಮಲ್ಲೇಶ್ವರದ ಆಫೀಸಿನಿಂದ ಹಾಕಿದ್ದು. ಪರದೆಯಲ್ಲಿ ಒಂದು ಸಲಕ್ಕೆ ಒಂದೇ ದಿನ ಕಾಣುತ್ತಿದ್ದರಿಂದ ಗುಮಾಸ್ತರ ಕಣ್ಣಿಗೆ ಬಿದ್ದಿರಲಿಲ್ಲ. ಮೂರು ವಾರ ಸಮಯವಿತ್ತು, ಒಂದು ಫೋನ್ ಸಾಕಿತ್ತು. ನಾನು ಮಾಡಲಿಲ್ಲ.

ಅದೇ ವಾರ ಹೆಡ್ ನನ್ನನ್ನು ಕರೆದು, ಮಾಲೀಕರ ಜೊತೆ ಛತ್ರದಲ್ಲಿ ಒಂದು ಫೋಟೋ ಬೇಕು, ಯಾವ ದಿನ ಛತ್ರ ಕಳೆಕಳೆಯಾಗಿರುತ್ತದೆ ಎಂದು ಕೇಳಿದ. ಆ ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಎಂದೆ. ಗುಮಾಸ್ತರಿಗೂ ಹೇಳಿಕಳಿಸಿದೆ, ಒಳ್ಳೆಯ ಬಟ್ಟೆ ಹಾಕಿಕೊಂಡಿರಿ ಎಂದು.

ಆ ಶನಿವಾರ ಹನ್ನೆರಡು ಗಂಟೆಯಿಂದ ಗುಮಾಸ್ತರ ಫೋನ್ ಮೇಲೆ ಫೋನ್. ನಾನು ಮೊಬೈಲನ್ನು ಬ್ಯಾಗಿನೊಳಗೆ ಹಾಕಿಬಿಟ್ಟೆ. ಮೂರಕ್ಕೆ ಹೆಡ್, ಮಾಲೀಕರು, ನಾನು ಕಾರಿನಿಂದ ಇಳಿದಾಗ ಹಿಂದಿನ ಗೇಟಿನಲ್ಲಿ ಎರಡು ಅಡುಗೆ ತಂಡದವರು ಒಂದೇ ಒಲೆಗಾಗಿ ಕಿತ್ತಾಡುತ್ತಿದ್ದರು. ಮುಂದೆ ಬಸ್ಸಿನಿಂದ ಇಳಿದ ಗಂಡಿನ ಕಡೆಯವರು ರೇಷ್ಮೆ ಸೀರೆ, ಪಂಚೆಗಳಲ್ಲಿ, ಸೂಟ್‌ಕೇಸ್ ಹಿಡಿದು ಫುಟ್‌ಪಾತಿನ ಮೇಲೆ ನಿಂತಿದ್ದರು. ಒಳಗೆ ಬೇರೆ ಜೋಡಿಯ ಹೆಸರನ್ನು ಹೂವಿನಲ್ಲಿ ಬರೆಯುತ್ತಿದ್ದರು. ಭಾನುವಾರದ ಮದುವೆಯ ಹುಡುಗಿಯ ತಂದೆ ಗುಮಾಸ್ತರ ಎದುರು ನಿಂತಿದ್ದರು.

"ನಿಮ್ಮ ಮುಖ ನೋಡಿ ಈ ಛತ್ರ ಹಿಡಿದೆ ಸ್ವಾಮಿ. ಬೀಗರ ಮುಂದೆ ನನ್ನ ಮಾನ ಕಳೆದ್ಬಿಟ್ರಲ್ಲ."

ಮಾಲೀಕರು ತಿರುಗಿ ಕೇಳಿದರು, "ಏನಿದು?"

ಹೆಡ್ ಒಂದು ಕ್ಷಣವೂ ತಡಮಾಡದೆ ಗುಮಾಸ್ತರ ಕಡೆ ಕೈ ತೋರಿಸಿದ. "ಯೂಸರ್ ಎರರ್ ಸರ್. ಇವರಿಗೆ ಟ್ರೇನಿಂಗ್ ಸಾಲದು."

ಇದಕ್ಕೇ ನಾನು ಕಾದಿದ್ದದ್ದು. ಲ್ಯಾಪ್‌ಟಾಪ್ ತೆರೆದು ಮಾಲೀಕರ ಕೈಗೆ ಕೊಟ್ಟೆ. ಅವರು ನಡುಬೀದಿಯಲ್ಲೇ ಗಟ್ಟಿಯಾಗಿ ಓದಿದರು: ಗುಮಾಸ್ತರ ಮಾತು, ಅದರ ಕೆಳಗೆ 'ಮಾಡುವುದಿಲ್ಲ', ಪಕ್ಕದಲ್ಲಿ ಅವನ ಹೆಸರು. ಗಂಡಿನ ಸೋದರಮಾವ ಪಂಚೆ ಎತ್ತಿ ಕಟ್ಟಿಕೊಂಡು ಮುಂದೆ ಬಂದರು.

"ಯಾವನ್ರೀ ಅವ್ನು, ವರಪೂಜೆ ಲೆಕ್ಕಕ್ಕಿಲ್ಲ ಅಂದೋನು?"

 ಹೆಡ್ ಆ ಫುಟ್‌ಪಾತಿನ ಮೇಲೆ ಒಬ್ಬೊಬ್ಬರಿಗೂ ಕೈ ಮುಗಿದು ತಪ್ಪಾಯಿತು ಎನ್ನುವುದನ್ನು ನಾನು ಕಣ್ತುಂಬ ನೋಡಿದೆ. ಮೀಟಿಂಗಿನಲ್ಲಿ ನಕ್ಕ ಆ ಹನ್ನೆರಡು ಜನರೂ ಇರಬೇಕಿತ್ತು ಅನ್ನಿಸಿತು. ನನ್ನ ಎದೆ ತಣ್ಣಗಾಯಿತು. ಸುಳ್ಳು ಏಕೆ ಹೇಳಲಿ, ಅಷ್ಟು ಸಂತೋಷ ನನಗೆ ಆಮೇಲೆ ಸಿಕ್ಕಿಲ್ಲ.

ಆರತಕ್ಷತೆಯನ್ನು ಚಾಮರಾಜಪೇಟೆಯ ಛತ್ರಕ್ಕೆ ಸಾಗಿಸಿದರು. ವರಪೂಜೆ ಎರಡು ಗಂಟೆ ತಡವಾಗಿ ಶುರುವಾಯಿತು. ಗದ್ದಲ ಇಳಿದ ಮೇಲೆ ಆಫೀಸಿಗೆ ಹೋದೆ. ಗುಮಾಸ್ತರು ಕುರ್ಚಿಯಲ್ಲಿ ಕೂತಿದ್ದರು. ಫೋಟೋಗಾಗಿ ಹೊಸ ಜರಿಪಂಚೆ ಉಟ್ಟು, ಶಲ್ಯ ಹೊದ್ದಿದ್ದರು. ಅದನ್ನು ನಾನು ಆಗಷ್ಟೇ ಗಮನಿಸಿದೆ.

"ಸೋಮವಾರ ಸೋಮವಾರ ನೋಡ್ತಿದ್ರಲ್ಲ ಮೇಡಂ," ಎಂದರು. "ಇದು ನಿಮ್ಗೆ ಕಾಣಿಸ್ಲಿಲ್ವಾ?"

ಅವರು ನನ್ನನ್ನು ಮೇಡಂ ಎಂದದ್ದು ಅದೇ ಮೊದಲು.  ಅವರು ಎದ್ದು, ಶಲ್ಯ ತೆಗೆದು ಮಡಚಿಟ್ಟು, ಮಂಟಪದ ಕಡೆ ಹೋದರು.

ಹೆಡ್ ಆ ತಿಂಗಳೇ ಕೆಲಸ ಬಿಟ್ಟ. ಅವನ ಕುರ್ಚಿ ನನಗೆ ಬಂತು, ವರಪೂಜೆ ಸಾಫ್ಟ್‌ವೇರಿನೊಳಗೆ ಬಂತು. ಅವನಿಗೆ ಮಾಡಿದ್ದನ್ನು ಇನ್ನೊಮ್ಮೆ ಮಾಡು ಎಂದರೂ ಮಾಡುತ್ತೇನೆ.

ಕೆಲಸದ ಮೇಲೆ ಈಗಲೂ ಬಸವನಗುಡಿಯ ಛತ್ರಕ್ಕೆ ಹೋಗುತ್ತೇನೆ. ಗುಮಾಸ್ತರು ಎದ್ದು ನಿಂತು ಬನ್ನಿ ಮೇಡಂ ಎನ್ನುತ್ತಾರೆ, ಕಾಫಿ ತರಿಸುತ್ತಾರೆ. ಮೇಜಿನ ಮೇಲೆ ಕೆಂಪು ರಟ್ಟಿನ ಹೊಸ ಪುಸ್ತಕವೊಂದು ಬಂದಿದೆ. ನಾನು ಬಾಗಿಲಲ್ಲಿ ಕಂಡ ಕೂಡಲೇ ಅದನ್ನು ಮುಚ್ಚಿ ಡ್ರಾಯರಿನೊಳಗೆ ಇಡುತ್ತಾರೆ.