ಮೂರು ಬೆರಳಿನ ಅಳತೆ

ಸಿಟ್ಟು ಬಂದರೆ ನನ್ನ ಅತ್ತೆ ಮಾತು ನಿಲ್ಲಿಸುತ್ತಾಳೆ, ಅವಳ ಹೊಲಿಗೆ ಯಂತ್ರ ಮಾತ್ರ ಓಡುತ್ತದೆ. ಅವಳು ಅಪ್ಪನ ತಂಗಿ. ಬೈಕು, ಸ್ಕೂಟರುಗಳ ಸೀಟಿಗೆ ಹೊದಿಕೆ ಹೊಲಿಯುವುದು ಅವಳ ಕೆಲಸ. ದಪ್ಪ ರೆಕ್ಸಿನ್ ಸೂಜಿಯ ಕೆಳಗೆ ಹೋಗುವ ಸದ್ದು ಕೇಳಿಯೇ ಪಕ್ಕದಂಗಡಿಯ ಗೇಟ್ ವೆಲ್ಡರ್ ಅವಳ ಮನಸ್ಸು ಹೇಳಬಲ್ಲ. "ಇವತ್ತು ಕಾವಲಿ ಕಾದಿದೆ, ಆ ಕಡೆ ಹೋಗ್ಬೇಡಿ" ಎಂದು ಗಿರಾಕಿಗಳನ್ನು ಎಚ್ಚರಿಸುತ್ತಾನೆ.

ಹುಟ್ಟಿನಿಂದಲೇ ಅವಳ ಬಲಗಾಲು ಗಿಡ್ಡ. ನಡೆಯುವಾಗ ಬಲಭುಜ ತಗ್ಗಿ ಏಳುತ್ತದೆ. ಅದಕ್ಕಾಗಿ ಇಪ್ಪತ್ತೆರಡು ವರ್ಷಗಳಿಂದ ಅಪ್ಪ ಅವಳನ್ನು ತನ್ನ ಬೈಕಿನ ಹಿಂದೆ ಕೂರಿಸಿಕೊಂಡು ಅಂಗಡಿಗೆ ಬಿಡುತ್ತಿದ್ದ, ತನ್ನ ಕೆಲಸ ಮುಗಿದ ಮೇಲೆ ಬಂದು ಕರೆದೊಯ್ಯುತ್ತಿದ್ದ. ಅಣ್ಣ ಅಂದರೆ ಹೀಗಿರಬೇಕು ಎಂದು ಬೀದಿಯವರೆಲ್ಲ ಹೊಗಳುತ್ತಿದ್ದರು. ಅದು ಸುಳ್ಳೂ ಅಲ್ಲ. ಆದರೆ ಅಪ್ಪ ಜಖಂ ಆದ ವಾಹನಗಳನ್ನು ಸರಿಮಾಡಿ ಬಣ್ಣ ಹೊಡೆಯುವವನು. ಹೊಡೆದ ಬಣ್ಣ ಒಣಗುವವರೆಗೆ ಕದಲುವಂತಿಲ್ಲ. ಹೀಗೆ ಅತ್ತೆಯ ಸಂಜೆಗಳೆಲ್ಲ ಯಾರದೋ ಕಾರಿನ ಬಾಗಿಲು ಒಣಗುವುದರ ಮೇಲೆ ನಿಂತಿದ್ದವು. ಶಟರ್ ಎಳೆದು, ಬೀಗ ಹಾಕಿ, ಮೆಟ್ಟಿಲ ಮೇಲೆ ಕೂತು ಕಾಯುವುದು. ಅರ್ಧ ಗಂಟೆ, ಕೆಲವೊಮ್ಮೆ ಒಂದೂವರೆ. ಬೆಳಿಗ್ಗೆಯೂ ಅಪ್ಪ ಹೊರಟಾಗಲೇ ಹೊರಡಬೇಕು. "ಅಣ್ಣ, ದಾರೀಲಿ ಎರಡು ನಿಮಿಷ ನಿಲ್ಲಿಸ್ತೀಯಾ?" ಎಂದು ನಲವತ್ತೇಳು ವರ್ಷದ ಹೆಂಗಸು ಕೇಳುವ ದನಿಯಲ್ಲಿ ಒಂದು ತೆಳ್ಳನೆಯ ನಾಚಿಕೆ ಇರುತ್ತಿತ್ತು. ಅದು ಅಪ್ಪನ ಕಿವಿಗೆ ಯಾವತ್ತೂ ಬೀಳಲಿಲ್ಲ.

ಎರಡು ವರ್ಷದ ಹಿಂದೆ, ಮುಚ್ಚಿಹೋದ ಮಕ್ಕಳ ಪಾರ್ಕೊಂದರ ಸಾಮಾನು ಕೊಂಡ ಗುಜರಿಯವನು ಒಂದು ಮಿನಿ ಬೈಕನ್ನು ಅವಳ ಅಂಗಡಿಯ ಮುಂದೆ ಇಳಿಸಿದ. ಮೊಣಕಾಲೆತ್ತರದ್ದು. ದಪ್ಪನೆಯ ಎರಡು ಚಕ್ರ, ಗೇರ್ ಇಲ್ಲ, ಹಗ್ಗ ಎಳೆದರೆ ಇಂಜಿನ್ ಶುರುವಾಗುವ ಜಾತಿ. ಸೀಟಿನ ಕೆಳಗೆ ಇಲಿ ಮರಿ ಹಾಕಿತ್ತು. "ಸೀಟು ಹೊಲಿದುಕೊಡಿ ಅಕ್ಕ, ಯಾರಿಗಾದ್ರೂ ದಾಟಿಸ್ತೀನಿ" ಎಂದ. ಅತ್ತೆ ಅದರ ಮೇಲೆ ಒಮ್ಮೆ ಕೂತು ನೋಡಿದಳು. ಎಡಗಾಲು ನೆಲಕ್ಕೆ ಸಿಕ್ಕಿತು. ಬಲಗಾಲೂ ಸಿಕ್ಕಿತು. ಸ್ಕೂಟರುಗಳ ಮೇಲೆ ಅವಳಿಗೆ ಎಂದೂ ಹಾಗಾಗಿರಲಿಲ್ಲ; ನಿಂತ ಗಾಡಿ ಬಲಕ್ಕೆ ವಾಲಿದರೆ ಅವಳೂ ಅದರ ಜೊತೆಗೇ ಬೀಳಬೇಕಿತ್ತು.

"ಇದನ್ನು ದಾಟಿಸಬೇಡ. ನನಗೇ ಇರಲಿ" ಅಂದಳು.

ನಮ್ಮ ಹಿತ್ತಲಿನ ಬಚ್ಚಲಿಗೆ ಅಂಟಿಕೊಂಡ ಕೋಣೆ ಅವಳ ಕಾರ್ಖಾನೆಯಾಯಿತು. ಒಂದು ಕಡೆ ಅಮ್ಮನ ಬಕೆಟ್ಟುಗಳು, ಇನ್ನೊಂದು ಕಡೆ ಸೀಮೆಎಣ್ಣೆಯ ಬಟ್ಟಲಲ್ಲಿ ನೆನೆಯುವ ನಟ್ಟುಗಳು. ಬಟ್ಟೆ ಒಣಹಾಕುವ ತಂತಿಯಲ್ಲಿ ಚೈನು ನೇತಾಡುತ್ತಿತ್ತು. ಅಮ್ಮ ಮೊದಮೊದಲು ಗೊಣಗಿದಳು, ಆಮೇಲೆ ಚೈನಿನ ಪಕ್ಕದಲ್ಲೇ ಟವೆಲ್ ಹರವಿದಳು. ಅಪ್ಪ ಬಾಗಿಲಲ್ಲಿ ಇಣುಕಿ, "ಏನ್ ಪುಟ್ಟಿ, ಆಟದ ಸಾಮಾನು ಎಲ್ಲಿಗೆ ಬಂತು?" ಎಂದು ನಕ್ಕು ಹೋಗುತ್ತಿದ್ದ. ಒಳಗೆ ಕಾಲಿಡಲಿಲ್ಲ.

ಇಂಜಿನ್ ಬಿಚ್ಚಿ ಜೋಡಿಸುವುದನ್ನು ಅವಳು ಮೂರು ಸಲ ತಪ್ಪಿ, ನಾಲ್ಕನೇ ಸಲ ಸರಿಯಾಗಿ ಕಲಿತಳು. ಗೇಟ್ ವೆಲ್ಡರ್‌ನಿಂದ ವೆಲ್ಡಿಂಗ್ ಕಲಿತಳು. ಬಲಗಾಲಲ್ಲಿ ಒತ್ತುವ ಹಿಂದಿನ ಬ್ರೇಕನ್ನು ತೆಗೆದು, ಕೇಬಲ್ ಎಳೆದು, ಎಡಗೈಯಲ್ಲಿ ಹಿಡಿಯುವ ಹಾಗೆ ಮಾಡಿದಳು. ಆಮೇಲೆ ಬಲಗಡೆಯ ಫುಟ್‌ರೆಸ್ಟ್. ಅದನ್ನು ಕೂರಿಸಿ, ಕತ್ತರಿಸಿ, ಮತ್ತೆ ಕೂರಿಸಿ, ಒಂದು ತಿಂಗಳು ಅದೇ ಆಯಿತು. ಎಡಗಡೆಯದಕ್ಕಿಂತ ಅದು ಸರಿಯಾಗಿ ಮೂರು ಬೆರಳು ಮೇಲೆ ನಿಂತಾಗ, ಓಡುವ ಗಾಡಿಯ ಮೇಲೆ ಅವಳ ಎರಡೂ ಮಂಡಿಗಳು ಮೊದಲ ಬಾರಿಗೆ ಒಂದೇ ಎತ್ತರಕ್ಕೆ ಬಂದವು. ಅವತ್ತು ಹಿತ್ತಲಲ್ಲಿ ಮೂರು ಸುತ್ತು ಹೊಡೆದಳು. ಅಮ್ಮನ ಸೋಪಿನ ಡಬ್ಬಿ ಉರುಳಿತು. ಅಮ್ಮ ಬೈಯಲಿಲ್ಲ.

ಉಳಿದದ್ದು ಬಣ್ಣ. ಬಣ್ಣಕ್ಕೆ ಅಪ್ಪನಿಗಿಂತ ಒಳ್ಳೆಯ ಕೈ ನಮ್ಮ ಕಡೆ ಇಲ್ಲ. ಅತ್ತೆ ಎಲ್ಲವನ್ನೂ ಕಳಚಿ, ಬರೀ ಫ್ರೇಮನ್ನು ಅವನ ಕೈಗೆ ಕೊಟ್ಟು, "ಕಡುಗೆಂಪು ಹೊಡಿ ಅಣ್ಣ" ಎಂದಳು. ಬೇರೇನೂ ಹೇಳಲಿಲ್ಲ. ಸ್ವಂತ ಅಣ್ಣನಿಗೆ ಇನ್ನೇನು ಹೇಳುವುದಿದೆ ಅಂದುಕೊಂಡಿರಬೇಕು.

ಮೂರು ವಾರ ಕಳೆದು, ಒಂದು ಭಾನುವಾರ ಬೆಳಿಗ್ಗೆ ಅಪ್ಪ ಹಳೆಯ ಹೊದಿಕೆಯಲ್ಲಿ ಫ್ರೇಮನ್ನು ಮಗುವಿನಂತೆ ಸುತ್ತಿ ತಂದ. ಹಿತ್ತಲ ಕಲ್ಲಿನ ಮೇಲಿಟ್ಟು ಬಿಚ್ಚಿದ. ಆ ಕೆಂಪು ಎಷ್ಟು ಆಳವಾಗಿತ್ತೆಂದರೆ ಅಮ್ಮ ಕೈಯಲ್ಲಿದ್ದ ಟೀ ಲೋಟ ಮರೆತು ನಿಂತಳು. ಅತ್ತೆಯ ಕೈ ಬಣ್ಣದ ಮೇಲೆ ನಿಲ್ಲಲಿಲ್ಲ. ಅದು ನೇರವಾಗಿ ಬಲಗಡೆಯ ಫುಟ್‌ರೆಸ್ಟಿಗೆ ಹೋಯಿತು. ಅಲ್ಲಿ ತಡವಿತು. ಎಡಗಡೆ ತಡವಿತು. ಮತ್ತೆ ಬಲಕ್ಕೆ ಬಂತು.

"ಇದನ್ನ ಯಾರು ಕತ್ತರಿಸಿದ್ದು?"

"ನಾನೇ ಕಣೇ. ಏನ್ ಸೊಟ್ಟ ಕೂರಿಸಿದ್ದೆ ಮಾರಾಯ್ತಿ! ಒಂದು ಮೇಲೆ, ಒಂದು ಕೆಳಗೆ. ವೆಲ್ಡಿಂಗ್ ಕಲಿಯೋವಾಗ ಎಲ್ಲರಿಗೂ ಹಂಗೇ ಆಗತ್ತೆ ಬಿಡು. ನಾನು ಮಟ್ಟಗೋಲಿಟ್ಟು ಸಮ ಮಾಡಿದೀನಿ ನೋಡು. ಕೂದಲೆಳೆ ವ್ಯತ್ಯಾಸ ಇಲ್ಲ."

"ಬ್ರೇಕ್ ಕೇಬಲ್ ಹಿಡಿಯೋ ಕ್ಲಿಪ್‌ಗಳು ಎಲ್ಲಿ?"

"ಆ ತುಂಡುಗಳಾ? ಉಜ್ಜಿ ತೆಗೆದೆ. ಕಂಪನಿಯಿಂದ ಬಂದ ಹಂಗೇ ಆಗಿದೆ ಈಗ."

ಅವನ ಮುಖದಲ್ಲಿ ಅಷ್ಟು ಸಂತೋಷವಿತ್ತು. ಮೂವತ್ತು ವರ್ಷ ನುಜ್ಜುಗುಜ್ಜಾದ ವಾಹನಗಳ ಎರಡೂ ಪಕ್ಕಗಳನ್ನು ಒಂದೇ ಸಮ ಮಾಡುತ್ತ ಬಂದವನು ಅವನು. ಸೊಟ್ಟಗಿರುವುದು ಕಣ್ಣಿಗೆ ಬಿದ್ದರೆ ಸುಮ್ಮನಿರಲು ಅವನ ಕೈಗೆ ಬರುವುದಿಲ್ಲ.

ಅತ್ತೆ ಕಲ್ಲಿಗೆ ಕೈಯೂರಿ ಎದ್ದು ನಿಂತಳು.

"ಅಣ್ಣ, ನನ್ನ ಯಾವ ಕಾಲು ಗಿಡ್ಡ?"

"ಇದೇನೇ ಪ್ರಶ್ನೆ? ಬಲಗಾಲು."

"ಎಷ್ಟು ಗಿಡ್ಡ?"

ಅಪ್ಪನ ನಗು ಮುಖದ ಮೇಲೆ ಹಾಗೇ ಉಳಿದು ಒಣಗತೊಡಗಿತು. "ಸ್ವಲ್ಪ."

"ಸ್ವಲ್ಪ ಅಂದ್ರೆ? ಒಂದಿಂಚಾ? ಒಂದು ಮೊಳವಾ?"

ಅವನು ಅವಳ ಪಾದದ ಕಡೆ ನೋಡಿದ. ಬಣ್ಣದ ಪದರ ಎಷ್ಟು ದಪ್ಪ ಎಂದು ಬೆರಳು ತಾಗಿಸಿ ಹೇಳುವ ಅಪ್ಪ, ಅಲ್ಲಿ ಏನನ್ನೋ ಓದಲು ಬಾರದವನಂತೆ ನಿಂತ.

"ಇಪ್ಪತ್ತೆರಡು ವರ್ಷ ನಿನ್ನ ಬೆನ್ನ ಹಿಂದೆ ಕೂತಿದೀನಿ. ಅದಕ್ಕೂ ಮುಂಚೆ ಒಂದೇ ಚಾಪೆ ಮೇಲೆ ಮಲಗಿ ಬೆಳೆದಿದೀವಿ. ನಿನಗೆ ಗೊತ್ತಿಲ್ಲ. ಗಾಡಿ ಸೊಟ್ಟ ಇದೆ ಅನ್ನೋದು ಕಾಣ್ತು ನಿನಗೆ. ಯಾಕೆ ಸೊಟ್ಟ ಇದೆ ಅಂತ ಒಂದು ಮಾತು ಕೇಳೋಕೆ ಬಾಯಿ ಬರಲಿಲ್ಲ, ಅಲ್ವಾ?"

"ನಿನಗೋಸ್ಕರ ಮೂರು ವಾರ ರಜೆ ಇಲ್ದೆ ದುಡಿದೀನಿ ಕಣೇ!"

"ಹೌದು, ನನಗೋಸ್ಕರ! ಎಲ್ಲಾ ನನಗೋಸ್ಕರ. ನಾನು ಮಾತ್ರ ಅದ್ರಲ್ಲಿ ಎಲ್ಲೂ ಇಲ್ಲ!"

ಅವಳು ಕೂಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಬೇಲಿಯಾಚೆ ಯಾರೋ ನಲ್ಲಿ ನಿಲ್ಲಿಸಿ ಕಿವಿಗೊಟ್ಟರು. ಅಮ್ಮ ಮೆಲ್ಲಗೆ, "ಹೋಗ್ಲಿ ಬಿಡು, ಪ್ರೀತಿಯಿಂದ ಮಾಡಿದಾರೆ" ಅಂದಳು.

"ಅತ್ತಿಗೆ, ಪ್ರೀತಿ ಇರೋರು ಕೇಳಿ ಮಾಡ್ಲಿ."

ಅಮ್ಮ ಒಂದು ಕ್ಷಣ ಲೋಟವನ್ನು ನೋಡಿದಳು. ಆಮೇಲೆ ಅಪ್ಪನ ಕಡೆ ತಿರುಗಿ, "ನಿಜಾನೇ. ನನ್ನ ಚಪ್ಪಲಿ ಎಷ್ಟನೇ ನಂಬರು ಹೇಳಿ ನೋಡೋಣ" ಎಂದಳು. ಅಪ್ಪ ಬಾಗಿಲ ಬಳಿ ಬಿಟ್ಟಿದ್ದ ಚಪ್ಪಲಿಗಳ ಕಡೆ ಕಣ್ಣು ಹಾಯಿಸಿದ. ಅವನಿಗೆಂದು ತಂದಿದ್ದ ಟೀ ಅವಳೇ ಕುಡಿದಳು.

ಮರುದಿನದಿಂದ ಅತ್ತೆ ಅವನ ಬೈಕು ಹತ್ತಲಿಲ್ಲ. ನಮಗೆ ಇಪ್ಪತ್ತು ನಿಮಿಷದ ದಾರಿ, ಅವಳಿಗೆ ಐವತ್ತು. ಅಪ್ಪ ಅವಳ ಪಕ್ಕದಲ್ಲೇ ಬೈಕನ್ನು ನಡಿಗೆಯ ವೇಗದಲ್ಲಿ ಓಡಿಸುತ್ತ, ಎರಡೂ ಕಾಲು ನೆಲಕ್ಕೆ ಎಳೆಯುತ್ತ, "ಹತ್ತೇ ಪುಟ್ಟಿ, ಜನ ನೋಡ್ತಿದಾರೆ" ಎಂದು ಬೇಡಿಕೊಳ್ಳುತ್ತಿದ್ದ. ಅವಳು ತಿರುಗಿ ನೋಡುತ್ತಿರಲಿಲ್ಲ. ಕ್ಷೌರದಂಗಡಿಯವನು ಬಾಗಿಲಲ್ಲಿ ಕತ್ತರಿ ಆಡಿಸುತ್ತ, "ಏನಣ್ಣ, ಮೆರವಣಿಗೆ ಯಾರದ್ದು?" ಎಂದ. ಅಪ್ಪನ ಕಿವಿ ಕೆಂಪಾಯಿತು. ಮೂರನೇ ದಿನ ಅವನು ಹಿಂಬಾಲಿಸುವುದನ್ನು ಬಿಟ್ಟ. ಆರನೇ ದಿನ ಅವಳ ಸೊಂಟ ಹಿಡಿದುಕೊಂಡಿತು. ಆದರೂ ನಡೆದಳು. ಅಂಗಡಿಯಲ್ಲಿ ಯಂತ್ರದ ಸದ್ದು ಹೇಗಿತ್ತೆಂದರೆ ಗೇಟ್ ವೆಲ್ಡರ್ ಆ ವಾರ ಗಿರಾಕಿಗಳನ್ನು ಎಚ್ಚರಿಸುವ ಗೋಜಿಗೂ ಹೋಗಲಿಲ್ಲ. ತಾನೇ ಶಟರ್ ಅರ್ಧ ಇಳಿಸಿಕೊಂಡು ಕೂತ.

ಮುಂದಿನ ಭಾನುವಾರ ಅವಳು ವೆಲ್ಡಿಂಗ್ ಯಂತ್ರವನ್ನು ಎರವಲು ತಂದಳು. ಇಂಜಿನ್ನು, ಚಕ್ರ, ಸೀಟು ಕೂರಿಸಿ, ಮೇಲೆ ಹತ್ತಿ ಕೂತು, ಬಲಗಾಲನ್ನು ತನಗೆ ಹಿತವಾದಲ್ಲಿ ನಿಲ್ಲಿಸಿ, ನನ್ನ ಕೈಗೆ ಬಟ್ಟೆ ಗುರುತು ಹಾಕುವ ಸೀಮೆಸುಣ್ಣ ಕೊಟ್ಟು, "ಅಂಗಾಲಿನ ಕೆಳಗೆ ಗೆರೆ ಎಳಿ" ಎಂದಳು. ಎಳೆದೆ. ಕಡುಗೆಂಪಿನ ಮೇಲೆ ಬಿಳಿ ಗೆರೆ.

ಅಪ್ಪ ಬಂದು ಬಾಗಿಲಲ್ಲಿ ನಿಂತಿದ್ದ. "ಎತ್ತರ ಎಷ್ಟು ಬೇಕು ಹೇಳೇ, ನಾನೇ ಮಾಡಿಕೊಡ್ತೀನಿ. ಗುರುತೇ ಸಿಗದ ಹಂಗೆ ಮಾಡ್ತೀನಿ."

"ಗುರುತು ಸಿಗಲಿ."

"ಪೆಟ್ರೋಲ್ ಟ್ಯಾಂಕಾದ್ರೂ ತೆಗಿ, ಬೆಂಕಿ ಕೆಲಸ."

"ತೆಗೆದಾಗಿದೆ. ನಾನೇನು ದಡ್ಡಿ ಅಲ್ಲ."

ಗ್ರೈಂಡರ್ ಕಿರುಚಿತು. ಅವನ ಮೂರು ವಾರ ಕಿಡಿಗಳಾಗಿ ಬಚ್ಚಲ ಗೋಡೆಗೆ ಬಡಿಯಿತು. ಅವನು ಒದ್ದೆ ಬಟ್ಟೆ ತಂದು ಅಕ್ಕಪಕ್ಕದ ಬಣ್ಣಕ್ಕೆ ಸುತ್ತಲು ಬಗ್ಗಿದಾಗ ಅವಳು ಗ್ರೈಂಡರ್ ನಿಲ್ಲಿಸಿ, "ಮುಟ್ಟಬೇಡ" ಎಂದಳು. ಆ ಒಂದು ಪದಕ್ಕೆ ಅಪ್ಪ ಎರಡು ಹೆಜ್ಜೆ ಹಿಂದೆ ಹೋದ. ಫುಟ್‌ರೆಸ್ಟನ್ನು ಗೆರೆಗೆ ಕೂರಿಸಿ, ಬ್ರೇಕ್ ಕೇಬಲ್ಲಿನ ಕ್ಲಿಪ್‌ಗಳನ್ನೂ ಮತ್ತೆ ಬೆಸೆದಳು. ವೆಲ್ಡಿಂಗಿನ ಬಿಸಿಗೆ ಕೆಂಪು ಬೊಬ್ಬೆಯೆದ್ದು, ಕಂದಾಗಿ, ಸುತ್ತ ಅಂಗೈಯಗಲ ಕರಕಾಯಿತು. ಅಪ್ಪ ಮುಖ ಪಕ್ಕಕ್ಕೆ ತಿರುಗಿಸಿದ. ನನಗೆ ಅವನನ್ನು ಕಂಡು ಪಾಪವೆನಿಸಿತು. ಆದರೂ ನಾನು ಅವನ ಪಕ್ಕಕ್ಕೆ ಹೋಗಿ ನಿಲ್ಲಲಿಲ್ಲ.

"ಅಷ್ಟು ಜಾಗಕ್ಕೆ ಬಣ್ಣ ಹಚ್ಚಿಕೊಡ್ತೀನಿ. ಇಲ್ದಿದ್ರೆ ತುಕ್ಕು ಹಿಡಿಯತ್ತೆ" ಎಂದ ಕೊನೆಗೆ.

"ಎಣ್ಣೆ ಒರೆಸಿಕೊಳ್ತೀನಿ."

ಸೋಮವಾರ ಅಪ್ಪ ಹಲ್ಲುಜ್ಜುತ್ತಿದ್ದಾಗಲೇ ಅವಳು ಹಗ್ಗ ಎಳೆದಳು. ಇಂಜಿನ್ ಎರಡು ಸಲ ಕೆಮ್ಮಿ ಹಿಡಿದುಕೊಂಡಿತು. ಗೇಟಿನ ಹೊರಗೆ ಮಂಡಿ ಮಡಚಿ ಕೂತ ದೊಡ್ಡ ಹೆಂಗಸು, ಕೆಳಗೆ ಪುಟ್ಟ ಗಾಡಿ, ನೋಡಿದವರು ನಕ್ಕರು. ಅವಳ ಎರಡೂ ಭುಜ ಸಮನಾಗಿದ್ದವು. ಬೀದಿ ತಿರುವಿನಲ್ಲಿ ಅವಳು ನಿಧಾನಿಸಲಿಲ್ಲ.

ಆ ಸಂಜೆ ಅಪ್ಪ ಬೇಗ ಕೆಲಸ ಮುಗಿಸಿ ಅಂಗಡಿಗೆ ಹೋಗಿ ನೋಡಿದ. ಶಟರ್ ಇಳಿದಿತ್ತು. ಮನೆಗೆ ಬಂದರೆ ಅವಳಿಲ್ಲ. ಗೇಟಿಗೆ ಬಂದ, ಒಳಗೆ ಹೋದ, ಮತ್ತೆ ಗೇಟಿಗೆ ಬಂದ. ಬೀದಿ ದೀಪ ಹತ್ತುವ ಹೊತ್ತಿಗೆ ಪಟಪಟ ಸದ್ದು ಕೇಳಿಸಿತು. ಅವಳು ಬಂದದ್ದು ಅಂಗಡಿಯ ದಿಕ್ಕಿನಿಂದಲ್ಲ, ಕೆರೆಯ ಕಡೆಯಿಂದ.

"ಎಲ್ಲಿ ಹಾಳಾಗಿ ಹೋಗಿದ್ದೆ? ಹೇಳಿ ಹೋಗ್ಬಾರ್ದಾ? ಮುಕ್ಕಾಲು ಗಂಟೆಯಿಂದ ಇಲ್ಲೇ ನಿಂತಿದೀನಿ!"

ಅತ್ತೆ ಇಂಜಿನ್ ಆರಿಸಿದಳು.

"ಮುಕ್ಕಾಲು ಗಂಟೆ" ಎಂದಳು. "ಕಾಯೋದು ಕಷ್ಟ ಆಯ್ತಾ, ಅಣ್ಣ?"

ಉತ್ತರಕ್ಕೆ ನಿಲ್ಲದೆ, ಬೆಚ್ಚಗಿದ್ದ ಗಾಡಿಯನ್ನು ತಳ್ಳಿಕೊಂಡು ಅವನ ಪಕ್ಕದಿಂದಲೇ ಒಳಗೆ ಹೋದಳು.