ಮೀಸಿ ಬರಿಸೋ ಗುಳಿಗಿ

ಶಾಂತಾ ಹಾಡಾಕತ್ತಿದ್ಲು. ಹಲ್ಲು ಕೆಂಪಗಾಗಿದ್ವು. ಎಲಿ ಅಡಿಕಿ ಹಾಕ್ಕೊಂಡಾಳ ಅಂತ ನಾವೆಲ್ಲಾ ಸುಮ್ಮನಿದ್ವಿ.

ಹೋದ ಐತವಾರದ ಮಾತಿದು. ಗೊಳಸಂಗ್ಯಾಗ ನಮ್ಮ ನಾದಿನಿ ಕುಬಸ, ಅಂದ್ರ ಸೀಮಂತ. ಶಾಂತಾ ಅಂದ್ರ ನನ್ನ ಮೈದುನ ಬಸುನ ಹೆಂಡ್ತಿ, ಯಂಕಂಚಿಯಾಗ ಇರ್ತಾಳ. ನಮ್ಮ ಬಳಗದಾಗ ಯಾರ ಕುಬಸ ಇರ್ಲಿ, ಯಾರ ತೊಟ್ಟಿಲ ಇರ್ಲಿ, ಸೋಬಾನ ಆಕೀನ ಹಾಡಬೇಕು.

ಹಾಡಿನ ನಡಕ ಸೆರಗಿಲೆ ಬಾಯಿ ಒರಸಿಕೊಂಡ್ಲು. ಸೆರಗ ಕೆಂಪಾತು. ನಾ ಎದ್ದ ಆಕಿ ಬಾಜೂಕ ಹೋದ್ನಿ.

"ಏ ಶಾಂತಾ, ಎಲಿ ತಿಂದಿ ಏನು?"

"ಇಲ್ರಿ ಅಕ್ಕಾ."

ರಕ್ತ!

ಹಂಗ ಎಬ್ಬಿಸಿಕೊಂಡು ಕಾರಿನ್ಯಾಗ ಬಿಜಾಪುರಕ್ಕ ಹೊಂಟ್ವಿ. ಬಸು ಗಾಡಿ ಓಡಸಾಕತ್ತಿದ್ದ, ನಾ ಹಿಂದ ಶಾಂತಾನ ಬಾಜೂಕ. ಸೀರಿ ಒಂದೀಟ ಎತ್ತಿ ನೋಡಿದ್ರ ಕಾಲ ತುಂಬ ಕೆಂಪ ಚುಕ್ಕಿ. ರಾಗಿ ಕಾಳ ಚೆಲ್ಲಿದಂಗ.

ಹೋದ ವರ್ಷದಿಂದ ಆಕಿಗೆ ಒಂದು ಕೆಟ್ಟ ಜಡ್ಡು. ಎಲುಬಿನೊಳಗಿನ ಮಜ್ಜೆ ರಕ್ತ ಮಾಡೂದ ಬಿಟ್ಟಿತ್ತು. ಆ ಮಜ್ಜ್ಯಾಗ ಸ್ಟೆಮ್ ಸೆಲ್ ಅಂತ ಇರ್ತಾವಂತ. ಮೊಸರಿಗೆ ಹೆಪ್ಪು ಇದ್ದಂಗ ಅನ್ಕೋರಿ. ಅದರಿಂದನ ರಕ್ತ ಆಗತೈತಿ, ನಾಳಿಗೆ ಅಂತ ಒಂದೀಟ ಹೆಪ್ಪೂ ಉಳೀತೈತಿ. ಹೆಪ್ಪ ಸತ್ರ? ಹಾಲು ಕೊಡಗಟ್ಲೆ ಇದ್ರೇನು ಉಪಯೋಗ?

ಶಾಂತಾನ ಹೆಪ್ಪು ಸಾಯಾಕತ್ತಿತ್ತು.

ಅದಕ್ಕ ಗುಳಿಗಿ ಕೊಟ್ಟಿದ್ರು. ಗಂಡಸರ ಹಾರ್ಮೋನ್ ಜಾತಿ ಗುಳಿಗಿ. ಹಾರ್ಮೋನ್ ಅಂದ್ರ ನಮಗೇನ ಗೊತ್ತು? ಮೀಸಿ, ಮೊಡವಿ, ಮುಟ್ಟು, ಮುಗೀತು. ಆದ್ರ ಥಂಡಿಯಾಗ ಮೊಸರಿನ ಗಡಿಗಿಗೆ ಅರಿಬಿ ಸುತ್ತಿ ಒಲಿ ಬಾಜೂಕ ಇಡ್ತೀವಲ್ಲ, ಆ ಕಾವಿನ ಕೆಲಸ ಈ ಹಾರ್ಮೋನ್ ಮಾಡತೈತಂತ. ಸಾಯೂ ಸ್ಟೆಮ್ ಸೆಲ್ ಉಳಸತೈತಿ, ಬೆಳಸತೈತಿ. ಎಲ್ಲಾರಿಗೂ ಹತ್ತಂಗಿಲ್ಲ. ಶಾಂತಾಗ ಹತ್ತಿತ್ತು! ರಕ್ತ ಹಾಕಸೂದ ನಿಂತಿತ್ತು.

ಅದರ ಜೋಡಿ ಮೀಸಿನೂ ಬಂತು. ದನಿನೂ ದಪ್ಪಾತು.

"ಗುಳಿಗಿ ತಗೋತೀಯಿಲ್ಲ?" ಕಾರಿನ್ಯಾಗ ಕೇಳಿದ್ನಿ. ಶಾಂತಾ ಕಿಡಕಿ ಕಡೆ ನೋಡಿದ್ಲು.

"ದಿನಾ ತಗೋತಾಳ್ರಿ ವೈನಿ," ಅಂದ ಬಸು. "ಖಾಲಿ ಸ್ಟ್ರಿಪ್ ನಾನ ನೋಡ್ತೇನಿ."

"ಬಚ್ಚಲಕ ಒಗದೇನಿ," ಅಂದ್ಲು ಶಾಂತಾ.

"ಏನು?"

"ದಿನಾ ಬಿಡಿಸಿ ಬಿಡಿಸಿ ಬಚ್ಚಲಕ ಒಗದೇನ್ರಿ. ಒಂದೂವರಿ ತಿಂಗಳಾತು."

ಬಸು ಬ್ರೇಕ್ ಒತ್ತಿದ. ಹಿಂದಿನ ಲಾರಿಯವ ಬೈಕೋತ ಹೋದ. "ತಲಿಗಿಲಿ ಕೆಟ್ಟೈತೇನ ನಿಂದು? ಸಾಯಾಕ ನಿಂತಿಯೇನ?"

"ದನಿ ತಿರಗಿ ಬರತೈತಿ ಅನ್ಕೊಂಡಿದ್ನಿ. ಕುಬಸದಾಗ ಹಾಡೂದಿತ್ತಲ್ರೀ."

ದನಿ ಬಂದಿರ್ಲಿಲ್ಲ. ಹಂಗ ಒಡದ ದನಿ ಭಾಳ ಮಂದಿಗೆ ತಿರಗಿ ಬರಂಗ ಇಲ್ಲಂತ.

ಒಂದೂವರಿ ತಿಂಗಳ ಹಿಂದ ಏನಾಗಿತ್ತು? ಹೇಳಾಕ ನಾಚಿಕಿ ಬರತೈತಿ, ಆದ್ರೂ ಹೇಳ್ತೇನಿ. ಸಿಂದಗಿಯಾಗ ನನ್ನ ಮಗಳ ಕೂಸಿನ ತೊಟ್ಟಿಲ. ಶಾಂತಾ ಜೋಗುಳ ಎತ್ತಿದ್ಲು, ದನಿ ಒಡೀತು. ಒಬ್ಬಾಕಿ ಅಂದ್ಲು: "ಶಾಂತಾ, ಇವತ್ತ ನಿನ್ನ ಗಂಡಸರ ಪಂಗತ್ಯಾಗ ಊಟಕ್ಕ ಕುಂದ್ರಸಬೇಕ ನೋಡು!" ಖೋಲಿ ತುಂಬ ನಗಿ. ಶಾಂತಾನೂ ನಕ್ಲು.

ಆ ಒಬ್ಬಾಕಿ ಯಾರು? ನಾನ.

(ನನ್ನ ಮಾತಿಗೆ ನಗೂ ಮಂದಿ ಭಾಳ. ನಾ ಬರದದ್ದ ನೀವೂ ಅದಕ್ಕ ಓದ್ತೀರಿ.)

ದವಾಖಾನ್ಯಾಗ ರಿಪೋರ್ಟ್ ಬಂತು. ರಕ್ತ ಸೋರೂದ ತಡಿಯೂ ಪ್ಲೇಟ್ಲೆಟ್ ಲಕ್ಷದ ಮ್ಯಾಲ ಇರಬೇಕು, ಎಂಟ ಸಾವಿರಕ್ಕ ಇಳದಿತ್ತು. ಡಾಕ್ಟರಮ್ಮ ಬೈಲಿಲ್ಲ. ಬೈದಿದ್ರ ಚಲೋ ಇತ್ತು. "ತಲಿಯೊಳಗ ರಕ್ತ ಇಳದ್ರ ನಮ್ಮ ಕೈಯಾಗ ಏನೂ ಇರಂಗಿಲ್ಲ," ಅಂದ್ರು ಅಷ್ಟ. "ತ್ರಾಸ ಆದ್ರ ನಮಗ ಹೇಳಬೇಕಿತ್ತು. ಡೋಸ್ ನೋಡ್ತಿದ್ವಿ, ಕೂದಲಕ್ಕೂ ಉಪಾಯ ಐತಿ. ನಿಮ್ಮಷ್ಟಕ್ಕ ನೀವ ನಿಲ್ಲಸೂದೇನು?"

ಮೂರ ದಿನ ಹಳದಿ ಚೀಲದಿಂದ ಪ್ಲೇಟ್ಲೆಟ್ ಇಳಿಯೂದ ನೋಡ್ಕೋತ ಕುಂತ್ವಿ. ಆಕಿ ಕೆಮ್ಮಿದ್ರ ಹೆದರಿಕಿ. ತಲಿ ನೋಯ್ತೈತಿ ಅಂದ್ರ ಬಸು ನರ್ಸ್ ಕಡೆ ಓಡ್ತಿದ್ದ. ನಮ್ಮ ಅತ್ತಿ ಫೋನ್ ಮಾಡಿದ್ರು: "ಯಾರದೋ ದಿಟ್ಟಿ ತಾಕೈತಿ. ಉಪ್ಪು ಮೆಣಸಿನಕಾಯಿ ಇಳಿಸಿ ಒಗೀರಿ."

ದಿಟ್ಟಿ ಅಲ್ರಿ ಅತ್ತಿ, ನಾಲಿಗಿ. ಅದೂ ನಂದು. ಫೋನಿನ್ಯಾಗ ಅನ್ನಾಕ ಧೈರ್ಯ ಆಗ್ಲಿಲ್ಲ, ಇಲ್ಲಿ ಬರದೇನಿ.

ಜಡ್ಡ ಬಂದ ಹೆಣಮಗಳ ಮನಿಗೆ ಹಣ್ಣು ಹಿಡ್ಕೊಂಡ ಹೋಗ್ತೀವಿ, ಕಣ್ಣೀರೂ ಹಾಕ್ತೀವಿ. ಔಷಧದ ಗುರ್ತು ಮುಖದ ಮ್ಯಾಲ ಕಂಡ್ರ ನಗ್ತೀವಿ. ಇಂಡಿಯಿಂದ ಮುದ್ದೇಬಿಹಾಳತನಾ ನಮ್ಮ ಬಳಗ ಐತಿ. ನಗಲಾರದ ಮನಿ ಒಂದ ತೋರಸ್ರಿ?

ಗುಳಿಗಿ ಮತ್ತ ಚಾಲೂ ಮಾಡ್ಯಾರ. ಈ ಸಲ ಹತ್ತತೈತೋ ಇಲ್ಲೋ, ಡಾಕ್ಟರಮ್ಮ ಮಾತ ಕೊಟ್ಟಿಲ್ಲ. ತಿಂಗಳಗಟ್ಲೆ ಕಾಯಬೇಕಂತ.

ನಿನ್ನೆ ಡಿಸ್ಚಾರ್ಜ್ ಹೊತ್ತಿಗೆ ನಾನ ಒಂದ ಗುಳಿಗಿ ಬಿಡಿಸಿ ಆಕಿ ಅಂಗೈಯಾಗ ಇಟ್ನಿ. ಬಾಯಾಗ ಹಾಕ್ಕೊಳ್ಳಲಿಲ್ಲ. ಹಿಡ್ಕೊಂಡ ಕುಂತ್ಲು.

"ನುಂಗ ಮೊದಲ," ಅಂದ್ನಿ.

"ನಾ ನುಂಗ್ತೇನ್ರಿ ಅಕ್ಕಾ. ನೀವು ನಗೂದ ಬಿಡ್ತೀರೇನು?"